ಒಬ್ಬರ ಅಧಿಕಾರ, ಇನ್ನೊಬ್ಬರ ಅಂಕಿತ

ಭಾರತದ ಸಂವಿಧಾನವು ಸರ್ಕಾರದ ಅಧಿಕಾರವನ್ನು ಎರಡು ಬಗೆಯಲ್ಲಿ ಹಂಚಿದೆ. ಕೆಲಸದ ಸ್ವರೂಪಕ್ಕೆ ಅನುಗುಣವಾಗಿ ಕಾನೂನು ರೂಪಿಸುವ ಶಾಸಕಾಂಗ, ಅದನ್ನು ಜಾರಿಗೆ ತರುವ ಕಾರ್ಯಾಂಗ, ಕಾನೂನಿನ ಅರ್ಥವನ್ನು ನಿರ್ಣಯಿಸಿ ವ್ಯಾಜ್ಯಗಳನ್ನು ತೀರ್ಮಾನಿಸುವ ನ್ಯಾಯಾಂಗ ಎಂಬ ಮೂರು ಅಂಗಗಳಿವೆ. ಆಡಳಿತದ ವ್ಯಾಪ್ತಿಗೆ ಅನುಗುಣವಾಗಿ ಕೇಂದ್ರ, ರಾಜ್ಯ ಮತ್ತು ಸ್ಥಳೀಯ ಸಂಸ್ಥೆಗಳೆಂಬ ಮೂರು ಸ್ತರಗಳಿವೆ. ಪಠ್ಯಪುಸ್ತಕಗಳು ಇವುಗಳನ್ನು ಬೇರೆಬೇರೆ ಚೌಕಗಳಲ್ಲಿ ಬರೆದು ತೋರಿಸುತ್ತವೆ. ಸಂವಿಧಾನದ ವಿಧಿಗಳನ್ನು ಒಂದರ ಪಕ್ಕದಲ್ಲಿ ಒಂದಿಟ್ಟು ಓದಿದವರಿಗೆ ಮಾತ್ರ ಈ ಚೌಕಗಳ ನಡುವಿನ ಗೆರೆಗಳು ಅಷ್ಟು ಗಟ್ಟಿಯಾಗಿ ಕಾಣುವುದಿಲ್ಲ. ಯಾವುದೇ ಮುಖ್ಯ ಕೆಲಸವನ್ನು ಒಂದು ಅಂಗ ಅಥವಾ ಒಂದು ಸ್ತರ ತಾನೊಂದೇ ಮುಗಿಸಲಾಗದಂತೆ, ಅದು ಪೂರ್ಣಗೊಳ್ಳಲು ಇನ್ನೊಬ್ಬರ ಒಪ್ಪಿಗೆ, ಅಂಕಿತ ಅಥವಾ ಹಣ ಬೇಕಾಗುವಂತೆ ಇಡೀ ವ್ಯವಸ್ಥೆಯನ್ನು ಹೆಣೆಯಲಾಗಿದೆ. ಈ ಹೆಣಿಗೆ ಎಲ್ಲಿ ಬಿಗಿಯಾಗಿದೆ, ಎಲ್ಲಿ ಸಡಿಲವಾಗಿದೆ ಎಂಬುದನ್ನು ತಿಳಿದರೆ ದೇಶದ ರಾಜಕೀಯದಲ್ಲಿ ಮೇಲಿಂದ ಮೇಲೆ ಏಳುವ ಅನೇಕ ಜಗಳಗಳ ಮೂಲವೂ ತಿಳಿಯುತ್ತದೆ.

ಮೊದಲಿಗೆ ಸಂಸತ್ತನ್ನು ನೋಡಬಹುದು. ಸಂವಿಧಾನದ 79ನೇ ವಿಧಿಯ ಪ್ರಕಾರ ಸಂಸತ್ತು ಎಂದರೆ ಲೋಕಸಭೆ ಮತ್ತು ರಾಜ್ಯಸಭೆ ಮಾತ್ರವಲ್ಲದೆ ರಾಷ್ಟ್ರಪತಿಯೂ ಸೇರಿದ ಸಂಸ್ಥೆ. ಕಾರ್ಯಾಂಗದ ಮುಖ್ಯಸ್ಥರೇ ಶಾಸಕಾಂಗದ ಒಂದು ಭಾಗವಾಗಿದ್ದಾರೆ. ಲೋಕಸಭೆಯ 543 ಸದಸ್ಯರನ್ನು ಜನರು ನೇರವಾಗಿ ಆರಿಸುತ್ತಾರೆ. ರಾಜ್ಯಸಭೆಯ 245 ಸ್ಥಾನಗಳ ಪೈಕಿ 233 ಸ್ಥಾನಗಳಿಗೆ ರಾಜ್ಯಗಳ ಮತ್ತು ಕೆಲವು ಕೇಂದ್ರಾಡಳಿತ ಪ್ರದೇಶಗಳ ಶಾಸಕರು ಮತ ಹಾಕಿ ಸದಸ್ಯರನ್ನು ಕಳುಹಿಸುತ್ತಾರೆ, ಉಳಿದ 12 ಮಂದಿಯನ್ನು ರಾಷ್ಟ್ರಪತಿ ನಾಮಕರಣ ಮಾಡುತ್ತಾರೆ. ಕರ್ನಾಟಕದ ಪಾಲು ಲೋಕಸಭೆಯಲ್ಲಿ 28, ರಾಜ್ಯಸಭೆಯಲ್ಲಿ 12. ಸಾಮಾನ್ಯ ಮಸೂದೆಯೊಂದು ಎರಡೂ ಸದನಗಳ ಒಪ್ಪಿಗೆ ಪಡೆದು ರಾಷ್ಟ್ರಪತಿಯ ಅಂಕಿತ ಬಿದ್ದ ಮೇಲಷ್ಟೇ ಕಾಯ್ದೆಯಾಗುತ್ತದೆ. ಸದನಗಳ ನಡುವೆ ಒಮ್ಮತ ಮೂಡದಿದ್ದರೆ ಜಂಟಿ ಅಧಿವೇಶನ ಕರೆದು ತೀರ್ಮಾನಿಸಲು ಅವಕಾಶವಿದ್ದರೂ ಮಸೂದೆಗಳಿಗಾಗಿ ಹಾಗೆ ಕರೆದದ್ದು ಮೂರೇ ಸಲ: 1961ರಲ್ಲಿ ವರದಕ್ಷಿಣೆ ನಿಷೇಧ, 1978ರಲ್ಲಿ ಬ್ಯಾಂಕಿಂಗ್ ಸೇವಾ ಆಯೋಗದ ರದ್ದತಿ ಮತ್ತು 2002ರಲ್ಲಿ ಭಯೋತ್ಪಾದನೆ ತಡೆ ಮಸೂದೆಗೆ. ತೆರಿಗೆ ಮತ್ತು ಸರ್ಕಾರಿ ವೆಚ್ಚಕ್ಕಷ್ಟೇ ಸಂಬಂಧಿಸಿದ ಧನ ಮಸೂದೆಯ ವಿಷಯದಲ್ಲಿ ಮಾತ್ರ ರಾಜ್ಯಸಭೆಯ ಕೈ ಕಟ್ಟಿದೆ. ಅದು 14 ದಿನಗಳೊಳಗೆ ಶಿಫಾರಸುಗಳನ್ನು ಮಾಡಬಹುದು, ತಡೆಯುವಂತಿಲ್ಲ. ಒಂದು ಮಸೂದೆ ಈ ವರ್ಗಕ್ಕೆ ಸೇರುತ್ತದೆಯೇ ಎಂಬುದನ್ನು ಲೋಕಸಭಾಧ್ಯಕ್ಷರು ತೀರ್ಮಾನಿಸುವುದರಿಂದ ಆ ತೀರ್ಮಾನವೇ ಹಲವು ಬಾರಿ ವಿವಾದಕ್ಕೆ ಕಾರಣವಾಗಿದೆ.

ಅಮೆರಿಕದಲ್ಲಿ ಅಧ್ಯಕ್ಷರು ಸಂಸತ್ತಿನ ಹೊರಗಿದ್ದು ನಿಗದಿತ ಅವಧಿಗೆ ಆಳುತ್ತಾರೆ. ಭಾರತವು ಬ್ರಿಟನ್ನಿನ ಪದ್ಧತಿಯನ್ನು ಅನುಸರಿಸಿ ಕಾರ್ಯಾಂಗವನ್ನು ಶಾಸಕಾಂಗದ ಒಳಗೇ ಇರಿಸಿತು. ಮಂತ್ರಿಯಾದವರು ಆರು ತಿಂಗಳೊಳಗೆ ಸಂಸತ್ತಿನ ಯಾವುದಾದರೂ ಸದನದ ಸದಸ್ಯರಾಗಲೇಬೇಕು, ಮತ್ತು 75ನೇ ವಿಧಿಯ ಪ್ರಕಾರ ಇಡೀ ಮಂತ್ರಿಮಂಡಲವು ಲೋಕಸಭೆಗೆ ಸಾಮೂಹಿಕವಾಗಿ ಹೊಣೆಯಾಗಿರುತ್ತದೆ, ಅಂದರೆ ಲೋಕಸಭೆಯ ವಿಶ್ವಾಸ ಇರುವಷ್ಟು ಕಾಲ ಮಾತ್ರ ಸರ್ಕಾರ ಬಾಳುತ್ತದೆ. 1999ರ ಏಪ್ರಿಲ್ 17ರಂದು ಅಟಲ್ ಬಿಹಾರಿ ವಾಜಪೇಯಿ ನೇತೃತ್ವದ ಸರ್ಕಾರ ಒಂದೇ ಮತದ ಅಂತರದಿಂದ ವಿಶ್ವಾಸ ಕಳೆದುಕೊಂಡು ಉರುಳಿದ್ದು ಈ ನಿಯಮದ ಬಲದಿಂದ. ಆದರೆ ಬಹುಮತವುಳ್ಳ ಪಕ್ಷದ ನಾಯಕರೇ ಸರ್ಕಾರ ನಡೆಸುವುದರಿಂದ, ಸರ್ಕಾರವನ್ನು ಪ್ರಶ್ನಿಸಬೇಕಾದ ಸದನದ ಹೆಚ್ಚಿನ ಸದಸ್ಯರು ಸರ್ಕಾರದ ಪಕ್ಷದವರೇ ಆಗಿರುತ್ತಾರೆ. 1985ರಲ್ಲಿ 52ನೇ ತಿದ್ದುಪಡಿಯ ಮೂಲಕ ಸೇರಿದ ಹತ್ತನೇ ಅನುಸೂಚಿ, ಎಂದರೆ ಪಕ್ಷಾಂತರ ನಿಷೇಧದ ನಿಯಮಗಳು, ಈ ಒಲವನ್ನು ಇನ್ನಷ್ಟು ಬಲಪಡಿಸಿದವು. ಪಕ್ಷದ ವಿಪ್ ಮೀರಿ ಮತ ಹಾಕಿದ ಸದಸ್ಯ ಸದಸ್ಯತ್ವವನ್ನೇ ಕಳೆದುಕೊಳ್ಳಬಹುದಾದ್ದರಿಂದ ಶಾಸಕಾಂಗವು ಕಾರ್ಯಾಂಗವನ್ನು ತಿದ್ದುವ ಕೆಲಸ ಸದನದ ಮತದಾನದಿಂದ ಸಮಿತಿಗಳ ಕೊಠಡಿಗೆ ಸರಿಯಿತು. ಇಲಾಖೆಗಳ ಮೇಲೆ ಕಣ್ಣಿಡುವ 24 ಸ್ಥಾಯಿ ಸಮಿತಿಗಳಲ್ಲಿ ಎರಡೂ ಸದನಗಳ, ಎಲ್ಲ ಮುಖ್ಯ ಪಕ್ಷಗಳ ಸದಸ್ಯರು ಕುಳಿತು ಅಧಿಕಾರಿಗಳನ್ನು ಕರೆಸಿ ವಿಚಾರಿಸುತ್ತಾರೆ; ಆದರೆ ಮಸೂದೆಗಳನ್ನು ಅಲ್ಲಿಗೆ ಕಳುಹಿಸುವುದು ಕಡ್ಡಾಯವಲ್ಲ.

ಶಾಸಕಾಂಗದ ಹಿಡಿತ ಅತ್ಯಂತ ಸ್ಪಷ್ಟವಾಗಿ ಕಾಣುವುದು ಹಣದ ವಿಷಯದಲ್ಲಿ. ಕಾನೂನಿನ ಆಧಾರವಿಲ್ಲದೆ ಯಾವ ತೆರಿಗೆಯನ್ನೂ ವಿಧಿಸುವಂತಿಲ್ಲ ಎನ್ನುತ್ತದೆ 265ನೇ ವಿಧಿ. ಸರ್ಕಾರಕ್ಕೆ ಬರುವ ತೆರಿಗೆ ಮತ್ತು ಸಾಲದ ಹಣವೆಲ್ಲ ಸಂಚಿತ ನಿಧಿ ಎಂಬ ಖಜಾನೆಗೆ ಸೇರುತ್ತದೆ. ಸಂಸತ್ತು ಧನವಿನಿಯೋಗ ಮಸೂದೆಯನ್ನು ಅಂಗೀಕರಿಸದೆ ಅದರಿಂದ ಹಣ ತೆಗೆಯಲಾಗದು. ಬಜೆಟ್ ಎಂದು ಜನ ಕರೆಯುವ ವಾರ್ಷಿಕ ಹಣಕಾಸು ವಿವರಣಾ ಪಟ್ಟಿಯನ್ನು ಸಿದ್ಧಪಡಿಸುವುದು ಕಾರ್ಯಾಂಗ, ಒಪ್ಪಿಗೆ ಕೊಡುವುದು ಲೋಕಸಭೆ, ಖರ್ಚಾದ ಮೇಲೆ ಲೆಕ್ಕ ಪರಿಶೋಧಿಸುವುದು ಇಬ್ಬರ ಅಧೀನಕ್ಕೂ ಒಳಪಡದ ಮಹಾಲೇಖಪಾಲರು, ಅವರ ವರದಿಯನ್ನು ಪರಿಶೀಲಿಸುವುದು 22 ಸದಸ್ಯರ ಸಾರ್ವಜನಿಕ ಲೆಕ್ಕಪತ್ರ ಸಮಿತಿ. ಆ ಸಮಿತಿಯ ಅಧ್ಯಕ್ಷತೆಯನ್ನು ವಿರೋಧ ಪಕ್ಷದ ಸದಸ್ಯರಿಗೆ ಬಿಟ್ಟುಕೊಡುವ ಸಂಪ್ರದಾಯ 1967ರಿಂದ ನಡೆದುಬಂದಿದೆ.

ಕಾರ್ಯಾಂಗವೂ ಕಾನೂನು ಮಾಡುತ್ತದೆ ಎಂಬ ಅಂಶ ಅನೇಕರ ಗಮನಕ್ಕೆ ಬರುವುದಿಲ್ಲ. ಸಂಸತ್ತು ಅಂಗೀಕರಿಸಿದ ಕಾಯ್ದೆ ಸಾಮಾನ್ಯವಾಗಿ ತತ್ತ್ವವನ್ನಷ್ಟೇ ಹೇಳಿ ಅರ್ಜಿಯ ನಮೂನೆ, ಶುಲ್ಕ, ಗಡುವು ಮುಂತಾದ ವಿವರಗಳನ್ನು ನಿಯಮಗಳ ಮೂಲಕ ತುಂಬುವ ಅಧಿಕಾರವನ್ನು ಸರ್ಕಾರಕ್ಕೆ ಕೊಡುತ್ತದೆ. ಇದನ್ನು ಅಧೀನ ಶಾಸನ ಎನ್ನುತ್ತಾರೆ, ಮತ್ತು ನಾಗರಿಕನೊಬ್ಬ ಕಚೇರಿಯ ಕಿಟಕಿಯ ಮುಂದೆ ಎದುರಿಸುವ ಕಾನೂನಿನ ಬಹುಪಾಲು ಇಂಥದ್ದೇ ಆಗಿರುತ್ತದೆ. ಇದರ ಜೊತೆಗೆ ಅಧಿವೇಶನ ನಡೆಯದಿರುವಾಗ ತುರ್ತು ಅಗತ್ಯ ಬಿದ್ದರೆ 123ನೇ ವಿಧಿಯಂತೆ ರಾಷ್ಟ್ರಪತಿ, 213ನೇ ವಿಧಿಯಂತೆ ರಾಜ್ಯಪಾಲರು ಸುಗ್ರೀವಾಜ್ಞೆ ಹೊರಡಿಸಬಹುದು. ಸದನ ಮತ್ತೆ ಸೇರಿದ ಆರು ವಾರಗಳೊಳಗೆ ಅದಕ್ಕೆ ಒಪ್ಪಿಗೆ ಸಿಗದಿದ್ದರೆ ಅದು ತಾನಾಗಿಯೇ ಬಿದ್ದುಹೋಗುತ್ತದೆ. ಈ ಷರತ್ತನ್ನು ತಪ್ಪಿಸಿಕೊಳ್ಳಲು ಬಿಹಾರದಲ್ಲಿ 1967ರಿಂದ 1981ರವರೆಗೆ 256 ಸುಗ್ರೀವಾಜ್ಞೆಗಳನ್ನು ಹೊರಡಿಸಿ, ಸದನದ ಮುಂದಿಡದೆ ಮತ್ತೆ ಮತ್ತೆ ಜಾರಿಗೊಳಿಸಲಾಗುತ್ತಿತ್ತು. ಸಂಶೋಧಕ ಡಿ.ಸಿ. ವಾಧ್ವಾ ಇದನ್ನು ಪ್ರಶ್ನಿಸಿದಾಗ ಸುಪ್ರೀಂ ಕೋರ್ಟ್ 1986ರಲ್ಲಿ ಅದನ್ನು ಸಂವಿಧಾನಕ್ಕೆ ಬಗೆದ ವಂಚನೆ ಎಂದು ಖಂಡಿಸಿತು. ಒಂದು ಅಂಗವು ಇನ್ನೊಂದರ ಒಪ್ಪಿಗೆಯನ್ನು ಬದಿಗೊತ್ತಿದಾಗ ಮೂರನೆಯದು ಮಧ್ಯೆ ಬರುವ ಬಗೆಗೆ ಈ ಪ್ರಕರಣ ಒಳ್ಳೆಯ ನಿದರ್ಶನ.

ಆ ಮೂರನೆಯ ಅಂಗವಾದ ನ್ಯಾಯಾಂಗದ ರಚನೆ ಉಳಿದೆರಡಕ್ಕಿಂತ ಭಿನ್ನ. ಶಾಸಕಾಂಗ ಮತ್ತು ಕಾರ್ಯಾಂಗಗಳು ಕೇಂದ್ರದಲ್ಲೂ ರಾಜ್ಯದಲ್ಲೂ ಬೇರೆಬೇರೆಯಾಗಿದ್ದರೆ, ನ್ಯಾಯಾಲಯಗಳು ತಾಲ್ಲೂಕಿನಿಂದ ದೆಹಲಿಯವರೆಗೆ ಒಂದೇ ಏಣಿಯ ಮೆಟ್ಟಿಲುಗಳಾಗಿವೆ: ಜಿಲ್ಲಾ ಮತ್ತು ಅಧೀನ ನ್ಯಾಯಾಲಯಗಳು, ಅವುಗಳ ಮೇಲೆ 25 ಹೈಕೋರ್ಟ್‌ಗಳು, ಎಲ್ಲಕ್ಕೂ ಮೇಲೆ ಸುಪ್ರೀಂ ಕೋರ್ಟ್. ಕೇಂದ್ರದ ಕಾಯ್ದೆಯಾಗಲಿ ರಾಜ್ಯದ ಕಾಯ್ದೆಯಾಗಲಿ ವಿಚಾರಣೆ ನಡೆಯುವುದು ಇದೇ ನ್ಯಾಯಾಲಯಗಳಲ್ಲಿ. ಮೂಲಭೂತ ಹಕ್ಕಿಗೆ ಧಕ್ಕೆಯಾದವರು 32ನೇ ವಿಧಿಯಡಿ ನೇರವಾಗಿ ಸುಪ್ರೀಂ ಕೋರ್ಟಿಗೆ, 226ನೇ ವಿಧಿಯಡಿ ಹೈಕೋರ್ಟಿಗೆ ಹೋಗಬಹುದು. ಹೈಕೋರ್ಟಿನ ವ್ಯಾಪ್ತಿ ಮೂಲಭೂತ ಹಕ್ಕುಗಳ ಆಚೆಗಿನ ಕಾನೂನುಬದ್ಧ ಹಕ್ಕುಗಳಿಗೂ ಚಾಚುತ್ತದೆ. ಸಂವಿಧಾನಕ್ಕೆ ವಿರುದ್ಧವಾದ ಕಾಯ್ದೆಯನ್ನು ರದ್ದುಪಡಿಸುವ ನ್ಯಾಯಾಲಯಗಳ ಅಧಿಕಾರ ಸಂವಿಧಾನದ ತಿದ್ದುಪಡಿಗೂ ಅನ್ವಯಿಸುತ್ತದೆಯೇ ಎಂಬ ಪ್ರಶ್ನೆ ತೀರ್ಮಾನವಾದದ್ದು ಕಾಸರಗೋಡಿನ ಎಡನೀರು ಮಠದ ಮುಖ್ಯಸ್ಥರಾಗಿದ್ದ ಕೇಶವಾನಂದ ಭಾರತಿ ಸ್ವಾಮೀಜಿಯವರು ಕೇರಳದ ಭೂಸುಧಾರಣಾ ಕಾನೂನುಗಳನ್ನು ಪ್ರಶ್ನಿಸಿ ಹೂಡಿದ ದಾವೆಯಲ್ಲಿ. 13 ನ್ಯಾಯಮೂರ್ತಿಗಳು 68 ದಿನ ವಾದ ಕೇಳಿ 1973ರ ಏಪ್ರಿಲ್ 24ರಂದು 7–6ರ ಬಹುಮತದಿಂದ ಕೊಟ್ಟ ತೀರ್ಪು, ಸಂಸತ್ತು ಸಂವಿಧಾನದ ಯಾವ ಭಾಗವನ್ನಾದರೂ ತಿದ್ದಬಹುದು, ಆದರೆ ಅದರ ಮೂಲ ಸಂರಚನೆಯನ್ನು ಕೆಡಿಸುವಂತಿಲ್ಲ ಎಂದು ಹೇಳಿತು. ಮೂಲ ಸಂರಚನೆಯಲ್ಲಿ ಏನೇನು ಸೇರುತ್ತದೆ ಎಂಬ ಪಟ್ಟಿಯನ್ನು ನ್ಯಾಯಾಲಯ ಅಂದು ಅಂತಿಮಗೊಳಿಸಲಿಲ್ಲ. ಮುಂದಿನ ತೀರ್ಪುಗಳು ಅದಕ್ಕೆ ಒಂದೊಂದೇ ಅಂಶವನ್ನು ಸೇರಿಸುತ್ತ ಬಂದವು.

ನ್ಯಾಯಾಂಗಕ್ಕೂ ಇತರರ ನೆರವಿಲ್ಲದೆ ನಡೆಯದು. ಅದಕ್ಕೆ ಸ್ವಂತ ಖಜಾನೆಯಿಲ್ಲ, ತೀರ್ಪನ್ನು ಜಾರಿಗೊಳಿಸುವ ಪೊಲೀಸ್ ಬಲವಿಲ್ಲ. ನ್ಯಾಯಮೂರ್ತಿಗಳ ನೇಮಕದ ಆದೇಶಕ್ಕೆ ರಾಷ್ಟ್ರಪತಿಯ ಸಹಿ ಬೇಕು. ಹೆಸರುಗಳನ್ನು ಸೂಚಿಸುವ ಕೊನೆಯ ಮಾತು ಮಾತ್ರ 1993ರ ತೀರ್ಪಿನ ನಂತರ ಕೊಲಿಜಿಯಂ ಎಂಬ ಹಿರಿಯ ನ್ಯಾಯಮೂರ್ತಿಗಳ ಕೂಟದ ಪಾಲಾಗಿದೆ. ಅದನ್ನು ಬದಲಿಸಿ ಸರ್ಕಾರದ ಪ್ರತಿನಿಧಿಯೂ ಇರುವ ರಾಷ್ಟ್ರೀಯ ನ್ಯಾಯಾಂಗ ನೇಮಕಾತಿ ಆಯೋಗವನ್ನು ರಚಿಸಲು ಸಂಸತ್ತು ತಂದ 99ನೇ ತಿದ್ದುಪಡಿಯನ್ನು ಸುಪ್ರೀಂ ಕೋರ್ಟ್ 2015ರ ಅಕ್ಟೋಬರಿನಲ್ಲಿ ರದ್ದುಪಡಿಸಿತು. ಅಂದಿನಿಂದ ಕೊಲಿಜಿಯಂ ಕಳುಹಿಸಿದ ಹೆಸರುಗಳ ಮೇಲೆ ಸರ್ಕಾರ ತೀರ್ಮಾನ ಕೈಗೊಳ್ಳದೆ ಇಟ್ಟುಕೊಳ್ಳುವುದು ಎರಡು ಅಂಗಗಳ ನಡುವಿನ ನಿರಂತರ ಜಟಾಪಟಿಗೆ ಕಾರಣವಾಗಿದೆ. ಒಪ್ಪಿಗೆ ಕೊಡುವ ಅಧಿಕಾರವುಳ್ಳವರು ನಿರಾಕರಿಸದೆಯೂ, ಬರಿಯ ಮೌನದಿಂದಲೇ ಕೆಲಸ ತಡೆಯಬಲ್ಲರು ಎಂಬ ಈ ಅಂಶ ಸ್ತರಗಳ ನಡುವಿನ ಸಂಬಂಧದಲ್ಲಿ ಇನ್ನೂ ತೀಕ್ಷ್ಣವಾಗಿ ಎದುರಾಗುತ್ತದೆ.

ಕೇಂದ್ರ ಮತ್ತು ರಾಜ್ಯಗಳ ನಡುವಿನ ಹಂಚಿಕೆಯ ಆಧಾರ ಸಂವಿಧಾನದ ಏಳನೇ ಅನುಸೂಚಿ. ಅದರಲ್ಲಿ ಮೂರು ಪಟ್ಟಿಗಳಿವೆ: ರಕ್ಷಣೆ, ವಿದೇಶ ವ್ಯವಹಾರ, ರೈಲ್ವೆ, ನಾಣ್ಯ ಮೊದಲಾದವು ಕೇಂದ್ರ ಪಟ್ಟಿಯಲ್ಲಿ, ಪೊಲೀಸ್, ಸಾರ್ವಜನಿಕ ಆರೋಗ್ಯ, ಕೃಷಿ, ಭೂಮಿ, ಸ್ಥಳೀಯ ಆಡಳಿತ ಮೊದಲಾದವು ರಾಜ್ಯ ಪಟ್ಟಿಯಲ್ಲಿ, ಕ್ರಿಮಿನಲ್ ಕಾನೂನು, ವಿವಾಹ, ಕಾರ್ಮಿಕ ಕಲ್ಯಾಣ ಮೊದಲಾದವು ಇಬ್ಬರೂ ಕಾನೂನು ಮಾಡಬಹುದಾದ ಸಮವರ್ತಿ ಪಟ್ಟಿಯಲ್ಲಿ. ಸಮವರ್ತಿ ವಿಷಯದಲ್ಲಿ ಎರಡು ಕಾನೂನುಗಳು ಡಿಕ್ಕಿಯಾದರೆ ಕೇಂದ್ರದ್ದೇ ಗೆಲ್ಲುತ್ತದೆ; ರಾಷ್ಟ್ರಪತಿಯ ಅಂಕಿತ ಪಡೆದರೆ ಮಾತ್ರ ರಾಜ್ಯದ ಕಾನೂನು ಆ ರಾಜ್ಯದ ಮಟ್ಟಿಗೆ ನಿಲ್ಲಬಹುದು. ಯಾವ ಪಟ್ಟಿಗೂ ಸೇರದ ಶೇಷಾಧಿಕಾರ ಕೇಂದ್ರದ್ದು. ತುರ್ತು ಪರಿಸ್ಥಿತಿಯ ಕಾಲದಲ್ಲಿ, 1976ರ 42ನೇ ತಿದ್ದುಪಡಿಯು ಶಿಕ್ಷಣ, ಅರಣ್ಯ, ವನ್ಯಜೀವಿ ರಕ್ಷಣೆ, ತೂಕ ಮತ್ತು ಅಳತೆ, ನ್ಯಾಯಾಡಳಿತ ಎಂಬ ಐದು ವಿಷಯಗಳನ್ನು ರಾಜ್ಯ ಪಟ್ಟಿಯಿಂದ ಸಮವರ್ತಿ ಪಟ್ಟಿಗೆ ಸರಿಸಿತು. ವೈದ್ಯಕೀಯ ಪ್ರವೇಶ ಪರೀಕ್ಷೆಯಿಂದ ಹಿಡಿದು ಅರಣ್ಯ ಭೂಮಿಯ ಬಳಕೆಯವರೆಗಿನ ಇಂದಿನ ಹಲವು ವಾಗ್ವಾದಗಳ ಬೇರು ಆ ಸ್ಥಳಾಂತರದಲ್ಲಿದೆ. ಆದರೂ ಈ ಪಟ್ಟಿಗಳನ್ನು ಕೇಂದ್ರ ತಾನೊಂದೇ ತಿದ್ದುವಂತಿಲ್ಲ: 368ನೇ ವಿಧಿಯ ಪ್ರಕಾರ ಏಳನೇ ಅನುಸೂಚಿ, ರಾಜ್ಯಗಳ ಪ್ರಾತಿನಿಧ್ಯ, ಹೈಕೋರ್ಟುಗಳಂಥ ವಿಷಯಗಳ ತಿದ್ದುಪಡಿಗೆ ಸಂಸತ್ತಿನ ವಿಶೇಷ ಬಹುಮತದ ಜೊತೆಗೆ ಕನಿಷ್ಠ ಅರ್ಧದಷ್ಟು ರಾಜ್ಯಗಳ ವಿಧಾನಮಂಡಲಗಳ ಅನುಮೋದನೆ ಬೇಕು.

ಪಟ್ಟಿಗಳು ಕಾಗದದ ಮೇಲೆ ಎಷ್ಟೇ ಸ್ಪಷ್ಟವಾಗಿದ್ದರೂ ನದಿಯಂಥ ವಿಷಯ ಅವುಗಳ ಗೆರೆಗೆ ಕಟ್ಟುಬೀಳುವುದಿಲ್ಲ. ನೀರು ರಾಜ್ಯ ಪಟ್ಟಿಯ 17ನೇ ನಮೂದಾದರೆ, ಅಂತರರಾಜ್ಯ ನದಿಗಳ ನಿಯಂತ್ರಣ ಕೇಂದ್ರ ಪಟ್ಟಿಯ 56ನೇ ನಮೂದು. ವಿವಾದ ಬಂದರೆ 262ನೇ ವಿಧಿ ಮತ್ತು 1956ರ ಅಂತರರಾಜ್ಯ ನದಿ ನೀರು ವಿವಾದಗಳ ಕಾಯ್ದೆಯಡಿ ನ್ಯಾಯಮಂಡಳಿ ರಚಿಸಬೇಕು. ಕಾವೇರಿ ನ್ಯಾಯಮಂಡಳಿ 1990ರ ಜೂನ್‌ನಲ್ಲಿ ರಚನೆಯಾಗಿ ಮರುವರ್ಷ ತಮಿಳುನಾಡಿಗೆ 205 ಟಿಎಂಸಿ ಅಡಿ ನೀರು ಬಿಡುವಂತೆ ಮಧ್ಯಂತರ ಆದೇಶ ನೀಡಿದಾಗ, ಕರ್ನಾಟಕ ಅದನ್ನು ನಿಷ್ಫಲಗೊಳಿಸಲು ಸುಗ್ರೀವಾಜ್ಞೆ ಹೊರಡಿಸಿತು. ರಾಷ್ಟ್ರಪತಿ ಈ ವಿಷಯದಲ್ಲಿ ಸುಪ್ರೀಂ ಕೋರ್ಟಿನ ಅಭಿಪ್ರಾಯ ಕೇಳಿದರು. ಒಂದು ರಾಜ್ಯದ ಶಾಸಕಾಂಗ ತನ್ನ ಗಡಿಯಾಚೆ ಪರಿಣಾಮ ಬೀರುವ ನ್ಯಾಯನಿರ್ಣಯವನ್ನು ಕಾನೂನಿನ ಮೂಲಕ ಅಳಿಸಲಾಗದೆಂದು ನ್ಯಾಯಾಲಯ ಅದೇ ವರ್ಷದ ನವೆಂಬರಿನಲ್ಲಿ ಹೇಳಿತು. 2007ರ ಫೆಬ್ರುವರಿ 5ರಂದು ಅಂತಿಮ ಐತೀರ್ಪು ಬಂತು, 2018ರ ಫೆಬ್ರುವರಿ 16ರಂದು ಸುಪ್ರೀಂ ಕೋರ್ಟ್ ಅದನ್ನು ಮಾರ್ಪಡಿಸಿ ಕರ್ನಾಟಕದ ಪಾಲನ್ನು 14.75 ಟಿಎಂಸಿ ಅಡಿಯಷ್ಟು ಹೆಚ್ಚಿಸಿ 284.75ಕ್ಕೆ ಏರಿಸಿತು, ಕೇಂದ್ರವು ಅದೇ ವರ್ಷ ಕಾವೇರಿ ನೀರು ನಿರ್ವಹಣಾ ಪ್ರಾಧಿಕಾರವನ್ನು ರಚಿಸಿತು. ಕಾವೇರಿಯ ಕನ್ನಂಬಾಡಿ ಅಣೆಕಟ್ಟೆಯ ತೂಬು ಎತ್ತುವುದು ರಾಜ್ಯದ ನೀರಾವರಿ ನಿಗಮದ ಎಂಜಿನಿಯರೇ ಆದರೂ ಆ ಒಂದು ಕೆಲಸದ ಹಿಂದೆ ಎರಡು ಸ್ತರದ ಕಾರ್ಯಾಂಗ, ಸಂಸತ್ತಿನ ಕಾಯ್ದೆ, ನ್ಯಾಯಮಂಡಳಿ ಮತ್ತು ಸರ್ವೋಚ್ಚ ನ್ಯಾಯಾಲಯಗಳೆಲ್ಲವೂ ನಿಂತಿವೆ.

ಕೇಂದ್ರ ಮತ್ತು ರಾಜ್ಯಗಳು ನಿತ್ಯವೂ ಮುಖಾಮುಖಿಯಾಗುವ ಹುದ್ದೆ ರಾಜ್ಯಪಾಲರದು. ರಾಷ್ಟ್ರಪತಿಯಿಂದ ನೇಮಕಗೊಳ್ಳುವ ರಾಜ್ಯಪಾಲರು ಸಾಮಾನ್ಯವಾಗಿ ರಾಜ್ಯದ ಮಂತ್ರಿಮಂಡಲದ ಸಲಹೆಯಂತೆ ನಡೆಯಬೇಕು. ಆದರೆ 200ನೇ ವಿಧಿಯಡಿ ವಿಧಾನಮಂಡಲ ಒಪ್ಪಿದ ಮಸೂದೆಗೆ ಅಂಕಿತ ಹಾಕಬಹುದು, ಮರುಪರಿಶೀಲನೆಗೆ ಹಿಂದಿರುಗಿಸಬಹುದು ಇಲ್ಲವೇ ರಾಷ್ಟ್ರಪತಿಯ ಪರಿಶೀಲನೆಗೆ ಕಾದಿರಿಸಬಹುದು. ಎಷ್ಟು ದಿನಗಳೊಳಗೆ ಎಂಬುದನ್ನು ಸಂವಿಧಾನ ಹೇಳಿಲ್ಲ. ತಮಿಳುನಾಡಿನ ಮಸೂದೆಗಳ ಪ್ರಕರಣದಲ್ಲಿ ಸುಪ್ರೀಂ ಕೋರ್ಟಿನ ಇಬ್ಬರು ನ್ಯಾಯಮೂರ್ತಿಗಳ ಪೀಠ 2025ರ ಏಪ್ರಿಲ್‌ನಲ್ಲಿ ಗಡುವುಗಳನ್ನು ವಿಧಿಸಿತು. ಆದರೆ ರಾಷ್ಟ್ರಪತಿ ಕೇಳಿದ ಪ್ರಶ್ನೆಗಳಿಗೆ ಉತ್ತರಿಸಿದ ಐವರ ಪೀಠ ಅದೇ ವರ್ಷದ ನವೆಂಬರಿನಲ್ಲಿ, ಸಂವಿಧಾನದಲ್ಲಿಲ್ಲದ ಗಡುವನ್ನು ನ್ಯಾಯಾಲಯ ಹಾಕುವಂತಿಲ್ಲ, ವಿವರಣೆಯಿಲ್ಲದ ದೀರ್ಘ ವಿಳಂಬವಾದರೆ ತೀರ್ಮಾನ ಕೈಗೊಳ್ಳಿ ಎಂದಷ್ಟೇ ಸೂಚಿಸಬಹುದು ಎಂದು ಅಭಿಪ್ರಾಯಪಟ್ಟಿತು.

ಇದಕ್ಕಿಂತ ದೊಡ್ಡ ಅಸ್ತ್ರ 356ನೇ ವಿಧಿ. ರಾಜ್ಯದ ಆಡಳಿತ ಸಂವಿಧಾನದಂತೆ ನಡೆಯುತ್ತಿಲ್ಲವೆಂದು ಮನವರಿಕೆಯಾದರೆ ರಾಷ್ಟ್ರಪತಿ ಆಳ್ವಿಕೆ ಹೇರಲು ಇದು ಅವಕಾಶ ಕೊಡುತ್ತದೆ. 1989ರ ಏಪ್ರಿಲ್‌ನಲ್ಲಿ ಕರ್ನಾಟಕದಲ್ಲಿ ಎಸ್.ಆರ್. ಬೊಮ್ಮಾಯಿ ಅವರ ಜನತಾ ದಳ ಸರ್ಕಾರಕ್ಕೆ ಬೆಂಬಲ ಹಿಂತೆಗೆದುಕೊಂಡಿರುವುದಾಗಿ 19 ಶಾಸಕರ ಹೆಸರಿನ ಪತ್ರಗಳು ರಾಜ್ಯಪಾಲ ಪಿ. ವೆಂಕಟಸುಬ್ಬಯ್ಯ ಅವರ ಕೈ ಸೇರಿದವು. ಅವರಲ್ಲಿ ಕೆಲವರು ತಮ್ಮ ಸಹಿಯನ್ನು ತಪ್ಪು ಮಾಹಿತಿ ಕೊಟ್ಟು ಪಡೆಯಲಾಗಿದೆ ಎಂದರು, ಮುಖ್ಯಮಂತ್ರಿ ಸದನದಲ್ಲಿ ಬಹುಮತ ತೋರಿಸಲು ಅವಕಾಶ ಬೇಡಿದರು. ರಾಜ್ಯಪಾಲರು ಒಪ್ಪದೆ ವರದಿ ಕಳುಹಿಸಿದರು, ಏಪ್ರಿಲ್ 21ರಂದು ಸರ್ಕಾರ ವಜಾಗೊಂಡಿತು. ಹೈಕೋರ್ಟಿನಲ್ಲಿ ಸೋತ ಬೊಮ್ಮಾಯಿ ಅವರ ಪ್ರಕರಣದಲ್ಲಿ ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ 1994ರ ಮಾರ್ಚ್ 11ರಂದು ತೀರ್ಪಿತ್ತಿತು: ಬಹುಮತದ ಪರೀಕ್ಷೆ ನಡೆಯಬೇಕಾದದ್ದು ಸದನದಲ್ಲೇ ಹೊರತು ರಾಜಭವನದಲ್ಲಲ್ಲ, ರಾಷ್ಟ್ರಪತಿ ಆಳ್ವಿಕೆಯ ಘೋಷಣೆಯನ್ನು ನ್ಯಾಯಾಲಯ ಪರಿಶೀಲಿಸಬಹುದು, ಸಂಸತ್ತಿನ ಎರಡೂ ಸದನಗಳು ಒಪ್ಪುವ ಮೊದಲು ವಿಧಾನಸಭೆಯನ್ನು ವಿಸರ್ಜಿಸುವಂತಿಲ್ಲ. ತೀರ್ಪು ಬರುವಷ್ಟರಲ್ಲಿ ರಾಜ್ಯದಲ್ಲಿ ಬೇರೆ ಚುನಾವಣೆಯೇ ನಡೆದು ಬೊಮ್ಮಾಯಿ ಅವರಿಗೆ ಅಧಿಕಾರ ಮರಳಲಿಲ್ಲವಾದರೂ ರಾಜ್ಯ ಸರ್ಕಾರಗಳನ್ನು ಇಚ್ಛೆ ಬಂದಂತೆ ವಜಾ ಮಾಡುವ ಪರಿಪಾಠಕ್ಕೆ ಕಡಿವಾಣ ಬಿತ್ತು. 2018ರ ಮೇ ತಿಂಗಳಲ್ಲಿ ಕರ್ನಾಟಕದ ಹೊಸ ಸರ್ಕಾರಕ್ಕೆ ಬಹುಮತ ಸಾಬೀತಿಗೆ ರಾಜ್ಯಪಾಲರು ಕೊಟ್ಟ 15 ದಿನಗಳ ಅವಧಿಯನ್ನು ಮೊಟಕುಗೊಳಿಸಿ ಮಾರನೆಯ ದಿನವೇ ಸದನದಲ್ಲಿ ಪರೀಕ್ಷೆ ನಡೆಯಲಿ ಎಂದು ಸುಪ್ರೀಂ ಕೋರ್ಟ್ ಆದೇಶಿಸಿದ್ದು ಇದೇ ತತ್ತ್ವದ ಮೇಲೆ.

ಅಧಿಕಾರದ ಪಟ್ಟಿಯಷ್ಟೇ ಮುಖ್ಯವಾದದ್ದು ಹಣದ ಹರಿವು. ಆದಾಯ ತೆರಿಗೆ, ಕಂಪನಿ ತೆರಿಗೆ, ಸೀಮಾ ಸುಂಕಗಳಂಥ ಹೆಚ್ಚು ಹುಟ್ಟುವಳಿಯ ತೆರಿಗೆಗಳು ಕೇಂದ್ರದ ಕೈಯಲ್ಲೂ, ಶಾಲೆ, ಆಸ್ಪತ್ರೆ, ಪೊಲೀಸ್‌ನಂಥ ಹೆಚ್ಚು ಖರ್ಚಿನ ಹೊಣೆಗಳು ರಾಜ್ಯದ ಮೇಲೂ ಇರುವುದರಿಂದ ಈ ಅಂತರವನ್ನು ತುಂಬಲು 280ನೇ ವಿಧಿಯಡಿ ಹಣಕಾಸು ಆಯೋಗವನ್ನು ಐದು ವರ್ಷಕ್ಕೊಮ್ಮೆ ನೇಮಿಸಲಾಗುತ್ತದೆ. ಹಂಚಬಹುದಾದ ತೆರಿಗೆಯಲ್ಲಿ ಎಲ್ಲ ರಾಜ್ಯಗಳ ಒಟ್ಟು ಪಾಲನ್ನು 14ನೇ ಆಯೋಗ ಶೇ 42 ಎಂದೂ, 15ನೇ ಆಯೋಗ ಶೇ 41 ಎಂದೂ ನಿಗದಿ ಮಾಡಿದವು. ಆ ಮೊತ್ತದಲ್ಲಿ ಕರ್ನಾಟಕದ ಪಾಲು 14ನೇ ಆಯೋಗದ ಅವಧಿಯಲ್ಲಿ ಶೇ 4.713 ಇದ್ದದ್ದು 15ನೇ ಆಯೋಗದಲ್ಲಿ ಶೇ 3.647ಕ್ಕೆ ಇಳಿಯಿತು, ಆಯೋಗದ ಸೂತ್ರದಲ್ಲಿ ತಲಾ ಆದಾಯ ಕಡಿಮೆಯಿರುವ ರಾಜ್ಯಗಳಿಗೆ ಹೆಚ್ಚು ತೂಕವಿರುವುದು ಮತ್ತು 1971ರ ಜನಗಣತಿಯನ್ನು ಕೈಬಿಟ್ಟು 2011ರದನ್ನು ಬಳಸಿದ್ದು ಇದಕ್ಕೆ ಮುಖ್ಯ ಕಾರಣಗಳು. ಸೆಸ್ ಮತ್ತು ಸರ್‌ಚಾರ್ಜ್ ಎಂಬ ಮೇಲ್ತೆರಿಗೆಗಳನ್ನು ರಾಜ್ಯಗಳೊಡನೆ ಹಂಚಿಕೊಳ್ಳಬೇಕಾಗಿಲ್ಲವಾದ್ದರಿಂದ ಕೇಂದ್ರ ಅವುಗಳನ್ನು ಹೆಚ್ಚಿಸಿದಷ್ಟೂ ಹಂಚುವ ನಿಧಿ ಕಿರಿದಾಗುತ್ತದೆ. 2017ರ ಜುಲೈ 1ರಿಂದ ಜಾರಿಗೆ ಬಂದ ಜಿಎಸ್‌ಟಿಯಲ್ಲಿ ಇನ್ನೊಂದು ಬಗೆಯ ಏರ್ಪಾಡಿದೆ. ಜಿಎಸ್‌ಟಿ ಮಂಡಳಿಯಲ್ಲಿ ಕೇಂದ್ರದ ಮತಕ್ಕೆ ಮೂರನೇ ಒಂದರಷ್ಟು, ಎಲ್ಲ ರಾಜ್ಯಗಳ ಮತಗಳಿಗೆ ಸೇರಿ ಮೂರನೇ ಎರಡರಷ್ಟು ತೂಕ. ತೀರ್ಮಾನಕ್ಕೆ ನಾಲ್ಕನೇ ಮೂರರಷ್ಟು ಬಹುಮತ ಬೇಕು. ಎಲ್ಲ ರಾಜ್ಯಗಳೂ ಒಂದಾದರೂ ಕೇಂದ್ರವಿಲ್ಲದೆ ತೀರ್ಮಾನವಾಗದು, ಕೇಂದ್ರಕ್ಕೆ ರಾಜ್ಯಗಳ ಮತದಲ್ಲಿ ಶೇ 62.5ರಷ್ಟಾದರೂ ಸಿಗದೆ ಕೆಲಸ ಸಾಗದು.

ಇಲ್ಲಿಯವರೆಗೆ ನೋಡಿದ ಎಲ್ಲ ಸಂಬಂಧಗಳಲ್ಲೂ ಒಂದು ಸಮಾನ ಅಂಶವಿದೆ. ಒಪ್ಪಿಗೆ ಕೊಡುವವರೂ ಕೇಳುವವರೂ ತಮ್ಮ ಅಧಿಕಾರವನ್ನು ಪಡೆದಿರುವುದು ನೇರವಾಗಿ ಸಂವಿಧಾನದಿಂದ. ರಾಜ್ಯವೊಂದು ಕೇಂದ್ರದೊಡನೆ ಜಗಳವಾಡುವಾಗ ಅದರ ಕೈಯಲ್ಲಿ ಏಳನೇ ಅನುಸೂಚಿಯಿದೆ, ಸ್ವಂತ ತೆರಿಗೆಗಳಿವೆ, ಸ್ವಂತ ಪೊಲೀಸ್ ಪಡೆಯಿದೆ, ನೇರವಾಗಿ ಸುಪ್ರೀಂ ಕೋರ್ಟಿಗೆ ಹೋಗುವ ದಾರಿಯಿದೆ. ಮೂರನೆಯ ಸ್ತರವಾದ ಪಂಚಾಯಿತಿ ಮತ್ತು ನಗರಾಡಳಿತಗಳ ಕೈಯಲ್ಲಿ ಇಂಥ ಬಲವಿಲ್ಲ.

ಈ ಸ್ತರದ ಚರಿತ್ರೆಯಲ್ಲಿ ಕರ್ನಾಟಕಕ್ಕೆ ಹೆಮ್ಮೆಯ ಸ್ಥಾನವಿದೆ. ರಾಮಕೃಷ್ಣ ಹೆಗಡೆ ಅವರ ಸರ್ಕಾರದಲ್ಲಿ ಗ್ರಾಮೀಣಾಭಿವೃದ್ಧಿ ಸಚಿವರಾಗಿದ್ದ ಅಬ್ದುಲ್ ನಜೀರ್ ಸಾಬ್ ಅವರು ರೂಪಿಸಿದ 1983ರ ಕಾನೂನು ಜಿಲ್ಲಾ ಪರಿಷತ್ತು ಮತ್ತು ಮಂಡಲ ಪಂಚಾಯಿತಿಗಳನ್ನು ಸ್ಥಾಪಿಸಿ, ಮಹಿಳೆಯರಿಗೆ ನಾಲ್ಕನೇ ಒಂದರಷ್ಟು ಸ್ಥಾನ ಮೀಸಲಿಟ್ಟಿತು. 1987ರಲ್ಲಿ ಅಸ್ತಿತ್ವಕ್ಕೆ ಬಂದ ಜಿಲ್ಲಾ ಪರಿಷತ್ತಿನ ಅಧ್ಯಕ್ಷರಿಗೆ ರಾಜ್ಯ ಸಚಿವರ ದರ್ಜೆ ನೀಡಿ, ಅವರ ಕೈಕೆಳಗೆ ಜಿಲ್ಲಾಧಿಕಾರಿಗಿಂತ ಹಿರಿಯರಾದ ಐಎಎಸ್ ಅಧಿಕಾರಿಯನ್ನು ಮುಖ್ಯ ಕಾರ್ಯದರ್ಶಿಯಾಗಿ ನೇಮಿಸಲಾಯಿತು. ಚುನಾಯಿತ ಪ್ರತಿನಿಧಿಯ ಕೆಳಗೆ ಅಧಿಕಾರಿ ಕೆಲಸ ಮಾಡುವ ಈ ಕ್ರಮ ಬ್ರಿಟಿಷರ ಕಾಲದ ಕಲೆಕ್ಟರ್ ಆಡಳಿತವನ್ನು ಬುಡಮೇಲು ಮಾಡಿತ್ತು. ಅದು ಬಹುಕಾಲ ಬಾಳಲಿಲ್ಲ. ಮೊದಲ ಅವಧಿ ಮುಗಿದ ಮೇಲೆ ಸಂಸ್ಥೆಗಳು ಆಡಳಿತಾಧಿಕಾರಿಗಳ ವಶಕ್ಕೆ ಹೋದವು. ರಾಜ್ಯದ ಕಾನೂನಿನಿಂದ ಹುಟ್ಟಿದ್ದನ್ನು ರಾಜ್ಯವೇ ಮಲಗಿಸಬಹುದು ಎಂಬ ಪಾಠ ಇಂಥ ಅನುಭವಗಳಲ್ಲಿತ್ತು. ಅದಕ್ಕೆ ಪರಿಹಾರವೆಂದೇ 73 ಮತ್ತು 74ನೇ ತಿದ್ದುಪಡಿಗಳು 1993ರಲ್ಲಿ ಜಾರಿಗೆ ಬಂದು ಪಂಚಾಯಿತಿಗಳಿಗೂ ನಗರ ಸಂಸ್ಥೆಗಳಿಗೂ ಸಂವಿಧಾನದ ಮಾನ್ಯತೆ ಕೊಟ್ಟವು. ಐದು ವರ್ಷಕ್ಕೊಮ್ಮೆ ಚುನಾವಣೆ, ಪರಿಶಿಷ್ಟರಿಗೂ ಮಹಿಳೆಯರಿಗೂ ಮೀಸಲಾತಿ, ರಾಜ್ಯ ಚುನಾವಣಾ ಆಯೋಗ ಮತ್ತು ರಾಜ್ಯ ಹಣಕಾಸು ಆಯೋಗಗಳನ್ನು ಕಡ್ಡಾಯಗೊಳಿಸಿದವು. ಆದರೆ ಕೃಷಿ, ಕುಡಿಯುವ ನೀರು, ಪ್ರಾಥಮಿಕ ಶಿಕ್ಷಣ ಮೊದಲಾದ 29 ವಿಷಯಗಳನ್ನು ಹೆಸರಿಸುವ ಹನ್ನೊಂದನೇ ಅನುಸೂಚಿ ಏಳನೆಯದರಂತೆ ಅಧಿಕಾರವನ್ನು ಹಂಚುವುದಿಲ್ಲ. ಆ ವಿಷಯಗಳಲ್ಲಿ ಪಂಚಾಯಿತಿಗಳಿಗೆ ಅಧಿಕಾರ ಕೊಡಲು ರಾಜ್ಯದ ವಿಧಾನಮಂಡಲಕ್ಕೆ ಅವಕಾಶವಿದೆ ಎಂದಷ್ಟೇ 243ಜಿ ವಿಧಿ ಹೇಳುತ್ತದೆ. ಎಷ್ಟು ಕೊಡಬೇಕು, ಎಂದು ಕೊಡಬೇಕು ಎಂಬುದು ರಾಜ್ಯದ ಇಚ್ಛೆ. ಗ್ರಾಮ ಪಂಚಾಯಿತಿಯ ದೈನಂದಿನ ಆಡಳಿತ ನಡೆಸುವ ಪಿಡಿಒ, ಎಂದರೆ ಪಂಚಾಯಿತಿ ಅಭಿವೃದ್ಧಿ ಅಧಿಕಾರಿ, ರಾಜ್ಯ ಸರ್ಕಾರದ ನೌಕರ. ಅವರ ವರ್ಗಾವಣೆ ಪಂಚಾಯಿತಿಯ ಕೈಯಲ್ಲಿಲ್ಲ.

ಸಂವಿಧಾನ ಸ್ಪಷ್ಟವಾಗಿ ಕಡ್ಡಾಯಗೊಳಿಸಿರುವ ಚುನಾವಣೆಯ ವಿಷಯದಲ್ಲೂ ರಾಜ್ಯಕ್ಕೆ ತಡೆಯುವ ದಾರಿಗಳಿವೆ. ಅವಧಿ ಮುಗಿಯುವ ಮೊದಲೇ ಚುನಾವಣೆ ನಡೆಯಬೇಕು ಎಂದು 243ಇ ಮತ್ತು 243ಯು ವಿಧಿಗಳು ಹೇಳುತ್ತವೆ, 2006ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ಪುನರುಚ್ಚರಿಸಿದೆ. ಆದರೆ ಚುನಾವಣಾ ಆಯೋಗ ವೇಳಾಪಟ್ಟಿ ಹೊರಡಿಸಬೇಕಾದರೆ ಕ್ಷೇತ್ರಗಳ ಪುನರ್ವಿಂಗಡಣೆಯೂ ಮೀಸಲಾತಿಯ ಪಟ್ಟಿಯೂ ಸಿದ್ಧವಿರಬೇಕು, ಅವೆರಡರ ಕೀಲಿ ಕರ್ನಾಟಕದಲ್ಲಿ ಸರ್ಕಾರದ ಕೈಯಲ್ಲಿದೆ. 2021ರಲ್ಲಿ ರಾಜ್ಯದ ಪಂಚಾಯಿತಿ ಕಾಯ್ದೆಗೆ ತಿದ್ದುಪಡಿ ತಂದು ಪುನರ್ವಿಂಗಡಣೆಯ ಕೆಲಸವನ್ನು ರಾಜ್ಯ ಚುನಾವಣಾ ಆಯೋಗದಿಂದ ತೆಗೆದು ಸರ್ಕಾರ ನೇಮಿಸುವ ಪ್ರತ್ಯೇಕ ಆಯೋಗಕ್ಕೆ ವಹಿಸಲಾಯಿತು. ಅದೇ ವರ್ಷ ಅವಧಿ ಮುಗಿದ ಜಿಲ್ಲಾ ಮತ್ತು ತಾಲ್ಲೂಕು ಪಂಚಾಯಿತಿಗಳಿಗೆ 2025 ಮುಗಿದರೂ ಚುನಾವಣೆ ನಡೆಯಲಿಲ್ಲ. 2020ರ ಸೆಪ್ಟೆಂಬರಿನಲ್ಲಿ ಅವಧಿ ಮುಗಿದ ಬೆಂಗಳೂರು ಮಹಾನಗರ ಪಾಲಿಕೆ ಚುನಾಯಿತ ಸದಸ್ಯರಿಲ್ಲದೆಯೇ ಐದು ವರ್ಷ ಕಳೆದು, 2025ರಲ್ಲಿ ಐದು ಪಾಲಿಕೆಗಳಾಗಿ ಒಡೆಯಿತು. ಈ ಅವಧಿಯಲ್ಲಿ ರಾಜ್ಯವನ್ನು ಆಳಿದ್ದು ಒಂದೇ ಪಕ್ಷವಲ್ಲ. ಅಧಿಕಾರದಲ್ಲಿದ್ದವರು ಬದಲಾದರೂ ವಿಳಂಬ ಬದಲಾಗಲಿಲ್ಲ ಎಂಬುದೇ ದೋಷ ವ್ಯಕ್ತಿಗಳಿಗಿಂತ ಹೆಚ್ಚಾಗಿ ರಚನೆಯಲ್ಲಿದೆ ಎಂಬುದಕ್ಕೆ ಸಾಕ್ಷಿ.

ಹೀಗಾಗಿ ಕರ್ನಾಟಕ ಒಂದೇ ಜಗಳದ ಎರಡೂ ಕಡೆ ನಿಂತಿದೆ. ತೆರಿಗೆ ಪಾಲಿನಲ್ಲಿ ಅನ್ಯಾಯವಾಗಿದೆ ಎಂದು 2024ರ ಫೆಬ್ರುವರಿಯಲ್ಲಿ ರಾಜ್ಯದ ಮುಖ್ಯಮಂತ್ರಿ ಮತ್ತು ಸಚಿವರು ದೆಹಲಿಯ ಜಂತರ್ ಮಂತರ್‌ನಲ್ಲಿ ಪ್ರತಿಭಟಿಸಿದರು, ಬರ ಪರಿಹಾರದ ಹಣಕ್ಕಾಗಿ ಮರುತಿಂಗಳು ರಾಜ್ಯವು ಸುಪ್ರೀಂ ಕೋರ್ಟಿನ ಮೆಟ್ಟಿಲೇರಿತು. ಮಸೂದೆಯ ಮೇಲೆ ಕುಳಿತುಕೊಳ್ಳಬೇಡಿ, ತೆರಿಗೆಯ ಪಾಲು ಕೊಡಿ, ಜನರು ಆರಿಸಿದ ಸರ್ಕಾರದ ಮಾತಿಗೆ ನೇಮಕಗೊಂಡವರು ಅಡ್ಡಬರಬಾರದು ಎಂಬ ರಾಜ್ಯಗಳ ಅಹವಾಲಿನ ಒಂದೊಂದು ಸಾಲನ್ನೂ ಜಿಲ್ಲಾ ಪಂಚಾಯಿತಿಯೊಂದು ರಾಜ್ಯ ಸರ್ಕಾರದ ಮುಂದೆ ಇಡಬಹುದಿತ್ತು. ಆದರೆ ಅಹವಾಲು ಸಲ್ಲಿಸಲು ಬೇಕಾದ ಚುನಾಯಿತ ಅಧ್ಯಕ್ಷರೇ ಅಲ್ಲಿಲ್ಲ. ಬೊಮ್ಮಾಯಿ ಪ್ರಕರಣ ರಾಜ್ಯಗಳಿಗೆ ಕೊಟ್ಟ ರಕ್ಷಣೆಗೆ ಸಮನಾದ ರಕ್ಷಣೆ ಸ್ಥಳೀಯ ಸಂಸ್ಥೆಗಳಿಗೆ ಸಿಗಬೇಕಾದರೆ ಪುನರ್ವಿಂಗಡಣೆ ಮತ್ತು ಮೀಸಲಾತಿ ನಿಗದಿಯ ಅಧಿಕಾರ ರಾಜ್ಯ ಚುನಾವಣಾ ಆಯೋಗಕ್ಕೆ ಮರಳಬೇಕು, ಹನ್ನೊಂದನೇ ಅನುಸೂಚಿಯ ವಿಷಯಗಳು ರಾಜ್ಯದ ಇಚ್ಛೆಗೆ ಬಿಟ್ಟ ಪಟ್ಟಿಯಾಗಿ ಉಳಿಯದೆ ಕಡ್ಡಾಯದ ಹಂಚಿಕೆಯಾಗಬೇಕು. ಮೊದಲನೆಯದಕ್ಕೆ ದೆಹಲಿಯ ಒಪ್ಪಿಗೆಯ ಅಗತ್ಯವೇನೂ ಇಲ್ಲ. ಕರ್ನಾಟಕದ ವಿಧಾನಮಂಡಲ 2021ರಲ್ಲಿ ತಾನೇ ಮಾಡಿದ ತಿದ್ದುಪಡಿಯನ್ನು ಹಿಂದಕ್ಕೆ ಪಡೆದರೆ ಅರ್ಧ ಕೆಲಸ ಮುಗಿಯುತ್ತದೆ.